ನವಿಲು ತೆಗೆದ ಸಿಂಹಾಸನ

“ಬಹೂ, ಲಾಲಾ ಊಟ ಮಾಡಿದ್ನಾ?”

ತಟ್ಟೆ ಮುಂದಿಟ್ಟಾಗಲೆಲ್ಲ ಅಮ್ಮ ಇದನ್ನೇ ಕೇಳುತ್ತಿದ್ದರು. ಅಮ್ಮ ಎಂದರೆ ನನ್ನ ಅತ್ತೆ. ಬಹೂ ಎಂದರೆ ಸೊಸೆ, ನಾನು. ಲಾಲಾ ಎಂದರೆ ನಮ್ಮ ಮನೆಯ ಬಾಲಗೋಪಾಲ. ಅಂಬೆಗಾಲಿಡುತ್ತ, ಒಂದು ಕೈಯಲ್ಲಿ ಲಾಡು ಎತ್ತಿ ಹಿಡಿದ ಹಿತ್ತಾಳೆಯ ಕೂಸು. ಸೊಂಟಕ್ಕೆ ಎತ್ತಿಕೊಂಡರೆ ಮೂರು ತಿಂಗಳ ಮಗುವಿನ ಭಾರ. ಅಮ್ಮನ ಅತ್ತೆ ಗೋಕುಲದ ತವರಿನಿಂದ ಮಡಿಲಲ್ಲಿಟ್ಟುಕೊಂಡು ಬಂದವನು. ಅವನು ಉಣ್ಣದೆ ಈ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ವೃಂದಾವನದ ಯಾವ ಮನೆಯಲ್ಲೂ ಉಣ್ಣುವುದಿಲ್ಲ ಎನ್ನುತ್ತಾರೆ ಅಮ್ಮ. ಪಕ್ಕದ ಮನೆಯವರ ವಿಷಯ ನನಗೆ ಗೊತ್ತು, ಇರಲಿ.

ಲಾಲಾ ಇದ್ದದ್ದು ಮಹಡಿಯ ಮೇಲೆ. ಮಾವ ತೀರಿಕೊಂಡ ಮೇಲೆ ಮನೆ ಭಾಗವಾದಾಗ ಮೇಲಿನದು ದಾವೂದಯಾಳ್ ಭಾವನಿಗೆ, ಕೆಳಗಿನದು ನಮಗೆ ಬಂತು. ದೇವರ ಕೋಣೆ ಮೇಲೆಯೇ ಇತ್ತು. ಗೋಡೆಗೆ ಸೇರಿಸಿ ಕಟ್ಟಿದ, ಬೆಳ್ಳಿ ತಗಡು ಹೊದಿಸಿದ ಸಿಂಹಾಸನವೂ ಮೇಲೆಯೇ ಇತ್ತು. ಹಾಗಾಗಿ ಲಾಲಾ ಅಲ್ಲೇ ಉಳಿದ. ಅದರಲ್ಲಿ ಯಾರಿಗೂ ತಕರಾರಿರಲಿಲ್ಲ. ಅಮ್ಮ ಕೆಳಗೆ ನಮ್ಮ ಜೊತೆ ಮಲಗುತ್ತಿದ್ದರು. ಬೆಳಕು ಹರಿಯುವ ಮುಂಚೆ ಮೆಟ್ಟಿಲು ಹತ್ತಿ, ಮೆಲ್ಲಗೆ ಚಪ್ಪಾಳೆ ತಟ್ಟಿ ಅವನನ್ನು ಎಬ್ಬಿಸಿ, ಮೀಯಿಸಿ, ಉಡಿಸಿ, ಬೆಣ್ಣೆ ಕಲ್ಲುಸಕ್ಕರೆ ತಿನ್ನಿಸಿ ಇಳಿದು ಬರುತ್ತಿದ್ದರು. ಭಾವನ ಹೆಂಡತಿ ಓಮವತಿ, ನಾನು ಅಕ್ಕನೆಂದು ಜೀಜೀ ಎನ್ನುವ ಓರಗಿತ್ತಿ, ಬಿಸಿನೀರು, ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದರು.

ಹೋಳಿಯ ಮರುದಿನ ಅಮ್ಮ ಆ ಮೆಟ್ಟಿಲಲ್ಲೇ ಜಾರಿದರು. ಬಣ್ಣದ ನೀರು ಇನ್ನೂ ಆರಿರಲಿಲ್ಲ. ಸೊಂಟದ ಮೂಳೆ ಮುರಿಯಿತು. ಆಗ್ರಾಕ್ಕೆ ಕರೆದುಕೊಂಡು ಹೋಗಿ ಕೂಡಿಸಿಕೊಂಡು ಬಂದೆವು. ಈಗ ಕೂರಬಲ್ಲರು, ಗೋಡೆ ಹಿಡಿದು ಬಚ್ಚಲಿಗೆ ಹೋಗಬಲ್ಲರು. ಮೆಟ್ಟಿಲು ಮಾತ್ರ ಇನ್ನು ಆಗದು.

ಮೇಲೆ ನೈವೇದ್ಯವಾದಾಗ ಜೀಜೀ ಗಂಟೆ ಬಾರಿಸುತ್ತಿದ್ದರು. ಆ ಗಂಟೆ ಕೇಳಿದರೆ ಅಮ್ಮ ರೊಟ್ಟಿ ಮುರಿಯುತ್ತಿದ್ದರು. ಆದರೆ ನಮ್ಮ ಗಲ್ಲಿಯಲ್ಲಿ ಗಂಟೆ ಕೇಳುವುದು ಸುಲಭವಲ್ಲ. ಆಚೆ ಬದಿಯ ಆಶ್ರಮದ ಧ್ವನಿವರ್ಧಕ, ರಿಕ್ಷಾಗಳ ಹಾರನ್ನು, ತಗಡಿನ ಮೇಲೆ ಮಂಗಗಳ ಕುಣಿತ. ಕೇಳದ ದಿನ ತಟ್ಟೆ ಹಾಗೆಯೇ ಇರುತ್ತಿತ್ತು. ಒಲೆ ಸಣ್ಣಗೆ ಮಾಡಿ ನಾನು ಮೇಲೆ ಓಡಿ ಕೇಳಿಕೊಂಡು ಬರುತ್ತಿದ್ದೆ.

“ತಿಂದ ಅಮ್ಮಾ.”

“ನೀನು ಕಣ್ಣಾರೆ ನೋಡಿದ್ಯಾ, ಮುದುಕಿ ಉಣ್ಲಿ ಅಂತ ಹೇಳ್ತಿದ್ದೀಯಾ?”

ನೋಡಿದೆ ಎಂದರೂ ಅರ್ಧ ರೊಟ್ಟಿ ಉಳಿಯುತ್ತಿತ್ತು. ಬೇಸಿಗೆ ಬರುವಷ್ಟರಲ್ಲಿ ಅವರ ಕಡಗ ಮುಂಗೈಯಿಂದ ಮೊಣಕೈವರೆಗೆ ಜಾರತೊಡಗಿತು. ಮಕ್ಕಳನ್ನು ಬೆಳೆಸಿದವಳು ನಾನು. ತಟ್ಟೆಯಲ್ಲಿ ಉಳಿದದ್ದನ್ನು ನೋಡಿಯೇ ಮನಸ್ಸು ಹೇಗಿದೆಯೆಂದು ತಿಳಿಯುತ್ತದೆ.

ಅಕ್ಷಯ ತೃತೀಯದ ದಿನ ಜೀಜೀ ತಾವಾಗಿಯೇ ಲಾಲಾನನ್ನು ಬುಟ್ಟಿಯಲ್ಲಿ ಕೂರಿಸಿ ಕೆಳಗೆ ತಂದರು. ಅಮ್ಮ ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಮುಖ ಗೋಡೆಯ ಕಡೆ ತಿರುಗಿಸಿಬಿಟ್ಟರು.

“ತಗೊಂಡ್ಹೋಗು ಓಮಾ. ನೋಡ್ಕೊಂಡು ಹೋಗೋಕೆ ನಾನೇನು ಯಾತ್ರೆಗೆ ಬಂದವಳಾ? ಇವು ಅವನನ್ನ ಮೀಯಿಸಿದ ಕೈ.”

ಅಮ್ಮ ಮೇಲೆ ಹೋಗಲಾರರು, ಆದ್ದರಿಂದ ಲಾಲಾ ಕೆಳಗೆ ಬರಬೇಕು. ಅದು ಅವತ್ತೇ ನನ್ನ ಮನಸ್ಸಿನಲ್ಲಿ ಗಟ್ಟಿಯಾಯಿತು.

ಮರುದಿನ ಮೇಲೆ ಹೋದೆ. ಜೀಜೀ ಮಲ್ಲಿಗೆ ಮೊಗ್ಗು ಪೋಣಿಸುತ್ತಿದ್ದರು. ಅವರಿಗೆ ಮಕ್ಕಳಿಲ್ಲ. ಆ ಕೋಣೆಯಲ್ಲಿ ಗೂಡಿನ ತುಂಬ ಲಾಲಾನ ಸಣ್ಣ ಸಣ್ಣ ಬಟ್ಟೆ, ಗಿಲಕಿ, ಬುಗುರಿ, ಕೊಳಲು.

“ಜೀಜೀ, ಈ ಚಳಿಗಾಲಕ್ಕಾದ್ರೂ ಲಾಲಾನ ನಮ್ಮಲ್ಲಿಗೆ ಕಳಿಸಿ.”

“ಕಳಿಸೋಕೆ ಅವನೇನು ಸೋದರಮಾವನ ಮನೆಗೆ ಹೊರಟವನಾ?” ಸೂಜಿ ನಿಲ್ಲಲಿಲ್ಲ.

“ಅಜ್ಜಿ ಹತ್ರ. ಅಮ್ಮ ದಿನಾ ಅರ್ಧ ಹೊಟ್ಟೇಲಿ ಇದ್ದಾರೆ. ನಿಮಗೂ ಗೊತ್ತು.”

“ಗೊತ್ತು ಹೇಮಾ. ನಾನೇನು ರಾಕ್ಷಸೀನಾ?” ಹೂವಿನ ಎಳೆ ಕೆಳಗಿಟ್ಟರು. “ಆದ್ರೆ ನೀನೇ ಯೋಚನೆ ಮಾಡು. ನಿಮ್ಮ ಕೋಣೆ ಮೇಲೆ ನಮ್ಮ ಕೋಣೆ. ನಿನ್ನ ಭಾವ ಚಪ್ಪಲಿ ಮೆಟ್ಕೊಂಡು ಧಡಧಡ ಓಡಾಡ್ತಾರೆ. ಅವನ ನೆತ್ತಿ ಮೇಲೆ ನಮ್ಮ ಕಾಲು ಬೇಕಾ? ಅದಕ್ಕೇ ಅಲ್ವಾ ಹಿರಿಯರು ಅವನನ್ನ ಎಲ್ಲರಿಗಿಂತ ಮೇಲೆ ಕೂರಿಸಿದ್ದು?”

ಅದು ನಿಜವೇ. ಅದಕ್ಕೆ ಉತ್ತರ ಕಟ್ಟಿಕೊಂಡೇ ನಾನು ಹೋಗಿದ್ದೆ.

“ಮೇಲ್ಕಟ್ಟು ಇರೋ ಸಿಂಹಾಸನದಲ್ಲಿ ಕೂರಿಸಿದ್ರೆ ಅವನಿಗೆ ಅದೇ ಆಕಾಶ. ಅದರ ಆಚೆ ಯಾರು ನಡೆದ್ರೂ ತಗಲಲ್ಲ. ಅಮ್ಮಾನೇ ಹೇಳಿದ್ರು.”

“ಮೇಲ್ಕಟ್ಟು ಯಾವುದಕ್ಕೆ ಕಟ್ತೀಯ? ನಿನ್ನ ರೊಟ್ಟಿ ಒಲೆಗಾ?”

“ಸಿಂಹಾಸನಕ್ಕೆ.”

“ಎಲ್ಲಿದೆ ಸಿಂಹಾಸನ?”

“ಆಗತ್ತೆ.”

ಜೀಜೀ ಹೂವಿನ ಎಳೆ ಮತ್ತೆ ಕೈಗೆತ್ತಿಕೊಂಡರು. “ಸರಿ. ಸರಿಯಾದ ಸಿಂಹಾಸನ ಆಗ್ಲಿ, ಮೇಲೆ ಮೇಲ್ಕಟ್ಟು ಇರ್ಲಿ. ಕಾರ್ತಿಕದಲ್ಲಿ ದೇವರು ಏಳೋ ಏಕಾದಶಿ ದಿನ ನಾನೇ ತಂದು ಕೂರಿಸ್ತೀನಿ. ಹೋಳಿವರೆಗೆ ಇರ್ಲಿ. ಆದ್ರೆ ಅವತ್ತು ಮಧ್ಯಾಹ್ನದ ನೈವೇದ್ಯದ ಹೊತ್ತಿಗೆ ಅವನು ಆಸನದಲ್ಲಿ ಕೂತಿರಬೇಕು. ಕೂರಲಿಲ್ಲ ಅಂದ್ರೆ ವಾಪಸ್ ಕರ್ಕೊಂಡು ಬರ್ತೀನಿ. ಆಮೇಲೆ ಈ ಮಾತು ಎತ್ತಬಾರದು.”

“ಎತ್ತಲ್ಲ.”

ಲೋಯಿ ಬಜಾರಿನಲ್ಲಿ ಸಿಂಹಾಸನಗಳಿಗೇನು ಕೊರತೆ? ಅಂಗಡಿಯ ಬಾಗಿಲಿಗೆ ಸಾಲಾಗಿ ತೂಗುಹಾಕಿರುತ್ತಾರೆ. ಆದರೆ ಎಲ್ಲ ಅಂಗೈಯಷ್ಟು ಗೋಪಾಲರಿಗೆ. ನಮ್ಮ ಲಾಲಾನ ಗಾತ್ರಕ್ಕೆ ಸಿಕ್ಕಿದ್ದು ಎರಡೇ. ಒಂದು ನಮ್ಮ ಕೈಗೆಟುಕದ್ದು. ಇನ್ನೊಂದರ ಚಿನ್ನದ ಬಣ್ಣ ನನ್ನ ಉಗುರಿಗೇ ಎದ್ದು ಬಂತು. ಒತ್ತಿದರೆ ಕಾಲು ಬಾಗಿತು. “ಹಬ್ಬದ ನಾಲ್ಕು ದಿನಕ್ಕೆ ಸಾಕಲ್ವಾ ಬೆಹೆನ್‌ಜೀ?” ಎಂದ ಅಂಗಡಿಯವನು. ನನಗೆ ಬೇಕಾದದ್ದು ನಾಲ್ಕು ದಿನದ್ದಲ್ಲ.

ಮನೆಗೆ ಬಂದಾಗ ಹಿತ್ತಿಲ ಗೋಡೆಗೆ ಒರಗಿಸಿದ್ದ ಹಳೆಯ ಬಾಗಿಲು ಕಣ್ಣಿಗೆ ಬಿತ್ತು. ಬೀದಿಯ ಕಡೆಗೆ ಕಬ್ಬಿಣದ ಬಾಗಿಲು ಹಾಕಿಸಿದಾಗ ಕಳಚಿದ್ದು. ಶೀಶಮ್ ಮರ, ಮಳೆ ಬಿಸಿಲಿಗೂ ಬಗ್ಗಿರಲಿಲ್ಲ. ಲಾಲಾ ಈ ಮನೆಗೆ ಮೊದಲ ಸಲ ಬಂದದ್ದು ಇದೇ ಬಾಗಿಲಿನಿಂದ. ನನ್ನ ಗಂಡ ಗಿರ್ರಾಜ್ ಪೇಡೆ ಅಂಗಡಿಯಿಂದ ಬಂದಾಗ ನಾನು ಅದರ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆಯುತ್ತಿದ್ದೆ.

“ಛವಿಯ ಅಮ್ಮಾ, ಬಾಗಿಲಿಗೇನು ರಂಗೋಲಿ?”

“ಸಿಂಹಾಸನ ಮಾಡ್ತಿದ್ದೀನಿ.”

“ನೀನಾ? ಮೊನ್ನೆ ಮೊಳೆ ಹೊಡೆಯೋಕೆ ಹೋಗಿ ಹೆಬ್ಬೆರಳು ಹೊಡ್ಕೊಂಡವಳು?”

“ಹೆಬ್ಬೆರಳು ವಾಸಿಯಾಗಿದೆ. ಗರಗಸ ತಂದ್ಕೊಡಿ.”

ಅವರು ಗರಗಸ ತಂದುಕೊಟ್ಟರು. ದಪ್ಪ ಹಲಗೆಗಳನ್ನು ಕೊಯ್ದೂ ಕೊಟ್ಟರು. ಉಳಿದದ್ದು ನನ್ನದು. ಮಕ್ಕಳು ಶಾಲೆಗೆ ಹೋದ ಮೇಲೆ, ಬೇಳೆ ಬೇಯುವಾಗ, ಬಟ್ಟೆ ಒಣಗುವಾಗ ಉಜ್ಜಿದೆ, ಕೂಡಿಸಿದೆ, ತಪ್ಪಾದರೆ ಬಿಚ್ಚಿ ಮತ್ತೆ ಕೂಡಿಸಿದೆ. ಮರದ ಕೆಲಸ ನನಗೆ ಹೊಸದು. ಆದರೆ ಅಲಂಕಾರ ಹೊಸದಲ್ಲ. ಬಜಾರಿನ ಅಂಗಡಿಗಳಿಗೆ ದೇವರ ಬಟ್ಟೆ ಹೊಲಿದುಕೊಡುವುದೇ ನನ್ನ ಕಸುಬು. ಮಣಿ, ಜರಿಪಟ್ಟಿ, ಕನ್ನಡಿ ಚೂರು ಮನೆಯ ತುಂಬ ಇರುತ್ತದೆ, ಒಮ್ಮೊಮ್ಮೆ ಹಿಟ್ಟಿನಲ್ಲೂ.

ಅಳತೆ ತೆಗೆದದ್ದು ಜನ್ಮಾಷ್ಟಮಿಯ ಬೆಳಿಗ್ಗೆ. ಜೀಜೀ ಲಾಲಾನನ್ನು ಮೀಯಿಸುತ್ತಿದ್ದರು. ಕೇಸರಿ ಹಾಲು ತರಲು ಒಳಗೆ ಹೋಗುವಾಗ ಅವನನ್ನು ನನ್ನ ಕೈಗೆ ಕೊಟ್ಟರು. ಸೆರಗಿನ ಗಂಟಿನಲ್ಲಿ ದಾರ ಇಟ್ಟುಕೊಂಡೇ ಹೋಗಿದ್ದೆ. ಮಂಡಿಯಿಂದ ಮಂಡಿಗೆ, ಮೊಣಕೈಯಿಂದ ಮೊಣಕೈಗೆ, ಹಿಮ್ಮಡಿಯಿಂದ ನೆತ್ತಿಗೆ. ಕಿರೀಟಕ್ಕೆ, ನವಿಲುಗರಿಗೆ ಎಂದು ಎತ್ತರ ಬೇರೆಯಾಗಿ ಸೇರಿಸಿದೆ. ಗರಿ ಮೇಲ್ಕಟ್ಟಿಗೆ ತಾಗಿ ಬಾಗಬಾರದಲ್ಲ! ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ನಾಲ್ಕು ಕಂಬ, ಅವುಗಳ ಮೇಲೆ ಕೆಂಪು ಮಖಮಲ್ಲಿನ ಮೇಲ್ಕಟ್ಟು. ಅದರ ಒಳಮೈಗೆ ನೀಲಿ ಬಟ್ಟೆ ಹಚ್ಚಿ ಕನ್ನಡಿ ಚೂರಿನ ನಕ್ಷತ್ರ ಹೊಲಿದೆ, ಲಾಲಾ ತಲೆ ಎತ್ತಿದರೆ ಆಕಾಶ ಕಾಣಲಿ ಎಂದು. ಎಡಬಲದ ಕೈಯಾಸರೆಗೆ ಎರಡು ನವಿಲು. ಅವು ನನ್ನ ಹೆಮ್ಮೆ. ಬಾಗಿಲಿನ ಹಲಗೆಯಲ್ಲೇ ಕೊರೆದು, ಎದೆಗೆ ನೀಲಿ ರೇಷ್ಮೆ ಅಂಟಿಸಿ, ಬಾಲದ ಒಂದೊಂದು ಕಣ್ಣಿಗೂ ಮಣಿ ಪೋಣಿಸಿ, ಕಂಬಗಳ ನಡುವೆ ಅಂಟು ಹಾಕಿ ಮೊಳೆ ಹೊಡೆದು ನಿಲ್ಲಿಸಿದೆ.

ಹಾಸುವ ದಿಂಬನ್ನು ಎರಡು ಸಲ ಮಾಡಬೇಕಾಯಿತು. ಮೊದಲನೆಯದನ್ನು ಬಿಸಿಲಿಗೆ ಇಟ್ಟಿದ್ದಾಗ ಮಂಗ ಎತ್ತಿಕೊಂಡು ಹೋಗಿ ಆಶ್ರಮದ ಗೋಡೆಯ ಮೇಲೆ ಹಾಸಿಕೊಂಡು ಕುಳಿತಿತು. “ಅಮ್ಮಾ, ಹನುಮಾನ್‌ಜೀ ಮೆತ್ತಗಿದ್ಯಾ ಅಂತ ನೋಡ್ತಿದ್ದಾರೆ!” ಎಂದು ಮಗಳು ಛವಿ ಕುಣಿದಳು. ಮಾವಿನ ರಸದ ಪೊಟ್ಟಣ ಎಸೆದಾಗ ಅದನ್ನು ಹಿಡಿದು ಮಂಗ ದಿಂಬನ್ನು ಕೆಳಗೆ ಬಿಟ್ಟಿತು. ಬೇರೆಯವರು ಕೂತದ್ದರ ಮೇಲೆ ಲಾಲಾ ಕೂರುವುದಿಲ್ಲ. ಅದು ಛವಿಯ ಬೊಂಬೆಗೆ ಹೋಯಿತು. ನಾನು ಹೊಸದು ಹೊಲಿದೆ.

ಅಮ್ಮ ಮಂಚದಿಂದಲೇ ಎಲ್ಲ ನೋಡುತ್ತಿದ್ದರು. ಒಂದು ದಿನ ಕೇಳಿದರು, “ನಾನು ಕೂತಲ್ಲಿಂದ ಅವನ ಕೆನ್ನೆ ಸಿಗತ್ತಾ ಬಹೂ?”

“ಕೈ ಚಾಚಿ ನೋಡಿ.”

ಚಾಚಿದರು. ಬರಿಯ ಆಸನದ ಮೇಲೆ, ಕೆನ್ನೆ ಇರಬೇಕಾದ ಕಡೆ ಅವರ ಬೆರಳು ನಿಂತಿತು. ಅವತ್ತು ರೊಟ್ಟಿ ಪೂರ್ತಿ ತಿಂದರು.

ಏಕಾದಶಿ ಬಂತು. ಅಂಗಳದಲ್ಲಿ ಕಬ್ಬಿನ ಜಲ್ಲೆ ಕಟ್ಟಿ, ಸುಣ್ಣ ಜಾಜಿನಿಂದ ಪುಟ್ಟ ಪಾದಗಳನ್ನು ಬರೆದೆ. ಗೆಣಸು, ನೀರಿನಲ್ಲಿ ಬೆಳೆಯುವ ಶಿಂಗಾಡಿ ಕಾಯಿ ಬೇಯಿಸಿದೆ. ಸಿಂಹಾಸನವನ್ನು ಅಮ್ಮನ ಮಂಚದ ಪಕ್ಕದಲ್ಲಿ ಮಣೆಯ ಮೇಲಿಟ್ಟು ಕುಂಕುಮ ಹಚ್ಚಿದೆ. ಅಮ್ಮ ಹಳದಿ ಸೀರೆ ಉಟ್ಟು, ಕೈ ತೊಳೆದುಕೊಂಡು, ಆ ಕೈಯನ್ನು ಎಲ್ಲಿಗೂ ತಾಗಿಸದೆ ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ಕಾಯುತ್ತಿದ್ದರು.

ಜೀಜೀ ಮೆಟ್ಟಿಲಿಳಿದು ಬಂದರು. ತಲೆಯ ಮೇಲೆ ಸೆರಗು, ಕೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಲಾಲಾ. ಚಳಿಗಾಲದ ಮೊದಲ ಬಟ್ಟೆ ಅವತ್ತೇ. ಸಾಸಿವೆ ಹೂವಿನ ಬಣ್ಣದ, ಹತ್ತಿ ತುಂಬಿದ ದುಂಡು ಅಂಗಿ, ಕಿವಿ ಮುಚ್ಚುವ ಟೋಪಿ, ಕುತ್ತಿಗೆಗೆ ಉಣ್ಣೆಯ ಪಟ್ಟಿ. ಟೋಪಿಯ ಮೇಲೆ ಕಿರೀಟ, ಗರಿ.

ಜೀಜೀ ಸಿಂಹಾಸನವನ್ನು ಸುತ್ತ ಒಮ್ಮೆ ನೋಡಿದರು. ಬಾಗಿ ಮೇಲ್ಕಟ್ಟಿನ ಒಳಗಿನ ನಕ್ಷತ್ರವನ್ನೂ ನೋಡಿದರು. ನವಿಲಿನ ಬಾಲದ ಮೇಲೆ ಬೆರಳಾಡಿಸಿದರು.

“ಚೆನ್ನಾಗಿದೆ,” ಎಂದರು. ಅವರ ಬಾಯಲ್ಲಿ ಆ ಮಾತು ವರ್ಷಕ್ಕೊಮ್ಮೆ ಬಂದರೆ ಹೆಚ್ಚು.

ಆಮೇಲೆ ಲಾಲಾನನ್ನು ಎತ್ತಿ ಕೂರಿಸಲು ಹೋದರು. ಗರಿ ಮೇಲ್ಕಟ್ಟಿಗೆ ತಾಗಲಿಲ್ಲ. ಆದರೆ ಅಂಗಿಯ ಅಂಚು ಎರಡು ಕಡೆಯೂ ನವಿಲಿನ ಎದೆಗೆ ಬಡಿದು ನಿಂತಿತು. ಸ್ವಲ್ಪ ಒತ್ತಿದರು. ಹತ್ತಿ ಉಬ್ಬಿ ಮೇಲೆದ್ದು ಅವನ ಗಲ್ಲ ಮುಚ್ಚಿತು, ಲಾಡು ಹಿಡಿದ ಕೈ ಕಾಣದಾಯಿತು. ಮಂಡಿ ಆಸನಕ್ಕೆ ತಾಗಲೇ ಇಲ್ಲ.

ನಾನು ಅಂಗಿಯ ಅಂಚನ್ನು ಬೆರಳಿನಿಂದ ಒತ್ತಿ ನೋಡಿದೆ.

“ಅಂಗಿ ಇಷ್ಟು ದಪ್ಪ ಇರ್ತಿತ್ತಾ ಜೀಜೀ?” ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

“ಪ್ರತಿ ವರ್ಷ ಇಷ್ಟಿರಲ್ಲ. ಕೆಳಗಡೆ ನೆಲ ತಣ್ಣಗಿರತ್ತೆ, ಯಮುನಾ ಕಡೆ ಗಾಳಿ ನೇರ ಬರತ್ತೆ. ಮಗು ಹೊಸ ಜಾಗದಲ್ಲಿ ಮಲಗೋದು. ಅದಕ್ಕೇ ಈ ಸಲ ಹತ್ತಿ ಜಾಸ್ತಿ ತುಂಬಿದೆ.” ಅವರ ಮುಖ ಕೆಂಪಾಯಿತು. “ನೀನು ಅಳತೆ ಯಾವಾಗ ತಗೊಂಡೆ?”

“ಜನ್ಮಾಷ್ಟಮಿಗೆ.”

“ಮೀಯಿಸುವಾಗಾ?”

ನಾನು ತಲೆ ತಗ್ಗಿಸಿದೆ.

“ಅಯ್ಯೋ ರಾಧೇ! ದೇವರ ಬಟ್ಟೆ ಹೊಲಿಯೋಳು, ಬರೀ ಮೈ ಅಳೆದಿದ್ದಾಳೆ! ಚಳೀಲಿ ಯಾವ ಮಗು ಬರೀ ಮೈಯಲ್ಲಿ ಕೂರತ್ತೆ ಹೇಮಾ?”

ಎಂಥ ತಪ್ಪು! ನಾನೇ ಹೊಲಿದ ಚಳಿಗಾಲದ ಅಂಗಿಗಳು ಬಜಾರಿನ ಎಷ್ಟು ಅಂಗಡಿಗಳಲ್ಲಿ ತೂಗುತ್ತಿದ್ದವು! ಜನ್ಮಾಷ್ಟಮಿಯ ಸೆಕೆಯಲ್ಲಿ ದಾರ ಹಿಡಿದಾಗ ಕಾರ್ತಿಕ ಬರುತ್ತದೆ ಎನ್ನುವುದು ಹೊಳೆಯಲೇ ಇಲ್ಲ.

“ಇವತ್ತಿಗೆ ತೆಳು ಅಂಗಿ...” ಎಂದು ಬಾಯಿ ತೆರೆದೆ.

“ಅಲಂಕಾರ ಆಗಿದೆ. ಬೆಳಗಿನ ಅಲಂಕಾರ ರಾತ್ರಿ ಮಲಗಿಸೋ ತನಕ ತೆಗೆಯೋ ಹಾಗಿಲ್ಲ. ನೆಂಟರ ಮನೆಗೆ ಬಂದ ಮಗೂನ ಬಾಗಿಲಲ್ಲೇ ಬಟ್ಟೆ ಬಿಚ್ಚಿಸಿ ಒಳಗೆ ಕರೀತೀಯಾ?” ಲಾಲಾನನ್ನು ಹೆಗಲಿಗೆ ಒರಗಿಸಿಕೊಂಡರು. “ಬಿಡು. ನೀನು ಮಾಡಿದ್ದು ಕಡಿಮೆ ಏನಲ್ಲ. ಆದ್ರೆ ಅವನಿಗೆ ಇಲ್ಲಿ ಕೂರೋ ಮನಸ್ಸಿಲ್ಲ ಅಂತ ಕಾಣತ್ತೆ. ನಾನು ಮೇಲೆ ಕರ್ಕೊಂಡು ಹೋಗ್ತೀನಿ.”

ಹಾಗೆ ಹೇಳುವಾಗ ಅವರ ಕೈ ಲಾಲಾನ ಬೆನ್ನು ತಟ್ಟುತ್ತಿತ್ತು. ಶಾಲೆ ಇಲ್ಲ, ಮಕ್ಕಳು ಮನೆಯಲ್ಲೇ ಇರುತ್ತಾರೆ ಎಂದು ಗೊತ್ತಾದ ದಿನ ನಾನು ಅವರ ಬೆನ್ನು ತಟ್ಟುವ ಹಾಗೆ. ಅವರ ಮೇಲೆ ಸಿಟ್ಟು ಬರಲಿಲ್ಲ. ಆದರೆ ಪಕ್ಕದಲ್ಲಿ ಅಮ್ಮನ ಕೈಗಳು ಇನ್ನೂ ಮೇಲ್ಮುಖವಾಗಿಯೇ ಇದ್ದವು.

“ಹೋಗೋದಾದ್ರೆ ಹೋಗು ಓಮಾ,” ಎಂದರು ಅಮ್ಮ. “ಅಲ್ಲಿತನಕ ಇಲ್ಲಿ ಕೊಡು. ಎಷ್ಟು ಹೊತ್ತು ಹೊತ್ಕೊಂಡು ನಿಲ್ತೀಯ?”

“ಅಮ್ಮಾ, ಮಡಿಲು ಆಸನ ಆಗಲ್ಲ. ಮಡಿಲಲ್ಲಿ ನೈವೇದ್ಯ...”

“ನನಗೇ ಕಲಿಸ್ತೀಯಾ? ನಿನಗೆ ಕಲಿಸಿದವಳು ಯಾರು? ನೈವೇದ್ಯಕ್ಕೆ ಇನ್ನೂ ಹೊತ್ತಿದೆ. ಕೊಡು.”

ಜೀಜೀ ಕೊಟ್ಟರು. ನಾನು ಹಿತ್ತಿಲಿಗೆ ಹೋಗಿ ಗರಗಸ ತಂದೆ.

“ಏನ್ಮಾಡ್ತೀಯ?”

“ನವಿಲು ತೆಗೀತೀನಿ.”

“ಹುಚ್ಚೀ! ಅಷ್ಟು ಚೆನ್ನಾಗಿರೋದನ್ನ!”

“ಅವನಿಗಿಂತ ಚೆನ್ನಾಗಿದೆಯಾ ಜೀಜೀ?”

ಮೊಳೆ ಕೀಳಲು ಹೋದರೆ ಕಂಬ ಸೀಳುತ್ತಿತ್ತು. ಆದ್ದರಿಂದ ನವಿಲಿನ ಕಾಲಿಗೂ ಬಾಲದ ತುದಿಗೂ ಗರಗಸ ಇಡಬೇಕು. ಒಂದು ಸಲ ಕಣ್ಣು ಮುಚ್ಚಿ ತೆರೆದು, ಎಳೆದೆ. ಹಳೆಯ ಶೀಶಮ್, ಕಲ್ಲಿನಂಥದ್ದು. ಸಿಂಹಾಸನ ಗಡಗಡ ಅಲುಗಾಡಿತು. ಮೇಲ್ಕಟ್ಟು ಒಂದು ಕಡೆ ವಾಲಿತು. ಎರಡು ನಕ್ಷತ್ರ ಉದುರಿ ನೆಲದ ಮೇಲೆ ಟಿಣ್ ಎಂದವು. ಎಡಗೈಯಲ್ಲಿ ಕಂಬ ಹಿಡಿದು ಬಲಗೈಯಲ್ಲಿ ಎಳೆದರೆ ಹಲ್ಲು ಜಾರುತ್ತಿತ್ತು. ಎರಡೂ ಕೈಯಲ್ಲಿ ಎಳೆದರೆ ಕಂಬ ಬಾಗುತ್ತಿತ್ತು. ಆದರೂ ಎಳೆದೆ.

ಜೀಜೀ ಸ್ವಲ್ಪ ಹೊತ್ತು ನೋಡುತ್ತ ನಿಂತರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು ಎರಡು ಕಂಬವನ್ನೂ ತಬ್ಬಿ ಹಿಡಿದರು.

“ಮೆಲ್ಲಗೆ ಕಣೇ. ಕಟ್ಟಿಗೆ ಒಡೆಯೋಳ ಹಾಗೆ ಬಿದ್ದಿದ್ದೀಯಲ್ಲ! ಉದ್ದಕ್ಕೆ ಎಳಿ.”

“ನೀವು ಅಲುಗಾಡ್ಬೇಡಿ.”

“ನಾನೆಲ್ಲಿ ಅಲುಗಾಡಿದೆ? ನಿನ್ನ ಬಾಗಿಲೇ ಹಟಮಾರಿ. ನಿನ್ನ ಹಾಗೆ.”

“ಅದು ನಮ್ಮ ಅತ್ತೆ ಮನೆ ಬಾಗಿಲು,” ಎಂದರು ಅಮ್ಮ ಮಂಚದಿಂದ. “ಹಟ ಈ ಮನೇದೇ. ಜಗಳ ಆಡ್ಬೇಡಿ, ಮಗು ಕೇಳಿಸ್ಕೊಳ್ತಿದೆ.”

ಮೊದಲ ನವಿಲು ಬಿಟ್ಟುಬಂತು. ನಾನು ಅದನ್ನು ನೋಡದೆ ಪಕ್ಕಕ್ಕಿಟ್ಟೆ. ಜೀಜೀ ನೋಡಿದರು.

“ಒಂದೊಂದು ಕಣ್ಣಿಗೂ ಮಣಿ ಪೋಣಿಸಿದ್ದೀಯ,” ಎಂದರು ಮೆಲ್ಲಗೆ.

“ಇನ್ನೊಂದು ಕಡೆ ಹಿಡೀರಿ ಜೀಜೀ. ಹೊತ್ತಾಗ್ತಿದೆ.”

ಎರಡನೆಯದು ಬೇಗ ಬಂತು. ಈ ಸಲ ಮೊದಲಿನಿಂದಲೇ ಹಿಡಿಯಲು ಜೀಜೀಯ ಕೈಯಿತ್ತು. ಕೊಯ್ದ ಜಾಗ ಒರಟಾಗಿತ್ತು. ಮರಳು ಕಾಗದದಿಂದ ಉಜ್ಜಿ, ಅಂಗಿಗೆ ಸಿಬಿರು ಸಿಕ್ಕದ ಹಾಗೆ ಕೆಂಪು ಮಖಮಲ್ಲಿನ ಚೂರು ಸುತ್ತಿ ಹೊಲಿದುಬಿಟ್ಟೆ. ಜೀಜೀ ದಾರ ಹಲ್ಲಿನಲ್ಲಿ ಕಡಿಯಲು ಹೋದವರು ದೇವರ ಕೆಲಸವೆಂದು ನೆನಪಾಗಿ ಕತ್ತರಿ ಹುಡುಕಿದರು. ಗೋಡೆಯ ಮೇಲಿನ ಬಿಸಿಲು ಬಚ್ಚಲ ಕಡೆ ಸರಿಯುತ್ತಿತ್ತು. ನೈವೇದ್ಯದ ಹೊತ್ತು ಹತ್ತಿರವಾಗಿತ್ತು.

“ಅಮ್ಮಾ, ಕೊಡಿ.”

ಅಮ್ಮ ಕೊಡಲಿಲ್ಲ. “ಈಗ ತಾನೇ ನಿದ್ದೆ ಬಂದ ಹಾಗಿತ್ತು ಅವನಿಗೆ.”

“ಅಮ್ಮಾ!” ಎಂದೆವು ಇಬ್ಬರೂ ಒಟ್ಟಿಗೆ.

ಜೀಜೀ ಲಾಲಾನನ್ನು ಎತ್ತಿಕೊಂಡು, ಒಂದು ಕ್ಷಣ ಕೆನ್ನೆಗೆ ಕೆನ್ನೆ ಇಟ್ಟು, ಆಸನದ ಮೇಲೆ ಇಳಿಸಿದರು. ಮಂಡಿ ದಿಂಬಿಗೆ ತಾಗಿತು. ಸಾಸಿವೆ ಬಣ್ಣದ ಅಂಗಿ ಎಡಕ್ಕೂ ಬಲಕ್ಕೂ ಕಂಬಗಳ ನಡುವಿನಿಂದ ಹೊರಗೆ ಹರಡಿಕೊಂಡಿತು. ಲಾಡು ಹಿಡಿದ ಕೈ ಕಂಡಿತು. ಅಮ್ಮ ಕೈ ಚಾಚಿದರು. ಕೆನ್ನೆ ಸಿಕ್ಕಿತು.

ನೈವೇದ್ಯದ ಬೆಳ್ಳಿ ಬಟ್ಟಲನ್ನು ಜೀಜೀ ಅಮ್ಮನ ಕೈಗೆ ಕೊಟ್ಟರು. ಅಮ್ಮ ಗೆಣಸನ್ನು ಮಗುವಿಗೆ ಹಿಸುಕುವ ಹಾಗೆ ಹಿಸುಕಿ, ತುಳಸಿ ಹಾಕಿ, ಅವನ ಮುಂದೆ ಹಿಡಿದರು. ತೆರೆ ಎಳೆದು ನಾವು ಈಚೆ ನಿಂತೆವು. ಒಳಗಿನಿಂದ ಅಮ್ಮ ಏನೋ ಬೈಯುತ್ತ, ಏನೋ ಪುಸಲಾಯಿಸುತ್ತ ಇದ್ದದ್ದು ಕೇಳುತ್ತಿತ್ತು. ಆಮೇಲೆ ಗಂಟೆ.

ಅವತ್ತು ಅಮ್ಮ ಎರಡು ಸಲ ಗೆಣಸು ಹಾಕಿಸಿಕೊಂಡರು.

ಜೀಜೀ ಖಾಲಿ ಬುಟ್ಟಿ ಹಿಡಿದು ಮೆಟ್ಟಿಲು ಹತ್ತಿದರು. ನಡುವೆ ಒಮ್ಮೆ ನಿಂತರು, ತಿರುಗಲಿಲ್ಲ.

ಸಂಜೆ ನಮ್ಮ ತಲೆಯ ಮೇಲೆ ಏನನ್ನೋ ಎಳೆಯುವ ಸದ್ದು. ಸೂರಿನಿಂದ ಸುಣ್ಣದ ಪುಡಿ ಮೇಲ್ಕಟ್ಟಿನ ಮೇಲೆ ಉದುರಿತು. ಸ್ವಲ್ಪ ಹೊತ್ತಿಗೆ ಜೀಜೀ ಕೊಳಲು, ಪುಟ್ಟ ಹೊದಿಕೆ, ಸೊಳ್ಳೆ ಪರದೆ ಹಿಡಿದು ಬಂದರು.

“ಕೊಳಲು ಪಕ್ಕದಲ್ಲಿ ಇಲ್ದೆ ಮಲಗಲ್ಲ ಅವನು. ಗೋಧಿ ಡಬ್ಬ ತಂದು ಇದರ ನೇರಕ್ಕೆ ಮೇಲೆ ಇಟ್ಟಿದ್ದೀನಿ. ಇನ್ನು ಅಲ್ಲಿ ನಿನ್ನ ಭಾವ ಹೇಗೆ ನಡೀತಾರೋ ನೋಡ್ತೀನಿ.”

ನವಿಲುಗಳು ಮೂಲೆಯಲ್ಲಿ ಒರಗಿದ್ದವು. ಜೀಜೀ ಅವನ್ನು ಎತ್ತಿ, ಮರದ ಪುಡಿ ಒರೆಸಿ, ತಮ್ಮದೇ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದರು.

“ಇವನ್ನ ಒಲೆಗೆ ಗಿಲೆಗೆ ಹಾಕೀಯ, ಜೋಕೆ. ಕೊಕ್ಕೆ ಹಾಕ್ಸು, ಬೇಕಾದಾಗ ಸಿಕ್ಕಿಸಿ ಬೇಡವಾದಾಗ ತೆಗೆಯೋ ಹಾಗೆ. ಚೈತ್ರದಲ್ಲಿ ತೆಳು ಅಂಗಿ ಬರತ್ತೆ. ಆಗ ಪಕ್ಕಕ್ಕೆ ಆಸರೆ ಇಲ್ದೆ ಅವನಿಗೆ ಖಾಲಿ ಖಾಲಿ ಅನಿಸತ್ತೆ.”

“ಚೈತ್ರಕ್ಕೆ ಮೇಲೆ ಬಂದಿರ್ತಾನಲ್ಲ ಜೀಜೀ? ಹೋಳಿವರೆಗೆ ಅಂದಿದ್ರಿ.”

“ಅಂದಿದ್ದೆ.” ಗಂಟು ಬಿಗಿದರು. “ಇಟ್ಟಿರು ಅಂದ್ರೆ ಇಟ್ಟಿರು. ಎಲ್ಲದಕ್ಕೂ ಮಾತು ಬೆಳೆಸ್ಬೇಡ.”

ಮರುದಿನ ಬೆಳಿಗ್ಗೆ ನಾನು ಎದ್ದಾಗ ಅಮ್ಮ ಆಗಲೇ ಕೂತಿದ್ದರು. ಚಪ್ಪಾಳೆ ತಟ್ಟಿ ಲಾಲಾನನ್ನು ಎಬ್ಬಿಸಿದರು. ನಾನು ಬಿಸಿನೀರು ಹಿಡಿದೆ. ಅವರು ಮೀಯಿಸಿದರು, ಕಿವಿಯ ಹಿಂದೆ ಒರೆಸಿದರು, ಉಡಿಸಿದರು, ಬೆಣ್ಣೆ ತಿನ್ನಿಸಿದರು. ಗಂಟೆಯನ್ನು ಎಂದಿನ ಹಾಗೆ ಮೆಲ್ಲಗೆ ಬಾರಿಸಿ ನನ್ನ ಕಡೆ ತಿರುಗಿ, “ಹಸಿವು ಕಣೇ, ಬೇಗ ಹಾಕು,” ಎಂದರು.

ಒಲೆಯ ಮುಂದೆ ಕೂತಿದ್ದಾಗ ಮೆಟ್ಟಿಲ ಮೇಲಿನಿಂದ ಜೀಜೀ ಕೂಗಿದರು.

“ಹೇಮಾ! ಲಾಲಾ ತಿಂದ್ನಾ? ನನ್ನ ಚಹಾ ಆರಿ ನೀರಾಯ್ತು ಇಲ್ಲಿ!”

ನಾನು ಉತ್ತರ ಕೊಡುವ ಮೊದಲೇ ಅಮ್ಮ ಬಾಯಿಯ ತುತ್ತು ನುಂಗಿ, ಕೈ ತೊಳೆದು, ಗಂಟೆಯನ್ನು ಮತ್ತೆ ಎತ್ತಿಕೊಂಡರು. ಆ ಸಣ್ಣ ಗಂಟೆಯಲ್ಲಿ ಅಷ್ಟು ಸದ್ದಿದೆಯೆಂದು ನನಗೆ ಗೊತ್ತಿರಲಿಲ್ಲ. ಅಂಗಳದ ಗೋಡೆಯ ಮೇಲಿದ್ದ ಮಂಗ ಹಾರಿ ಓಡಿತು. ಛವಿ ಹಾಸಿಗೆಯಲ್ಲಿ ಎದ್ದು ಕೂತಳು.

“ಅಮ್ಮಾ, ನಾನೇನು ಕಿವುಡೀನಾ?” ಮೇಲಿನಿಂದ ಜೀಜೀ.

“ನಾಳೆಯಿಂದ ಇಷ್ಟೇ ಜೋರು!” ಎಂದು ಅಮ್ಮ ಕೆಳಗಿನಿಂದ ಕೂಗಿ, ಇನ್ನೊಂದು ರೊಟ್ಟಿಗೆ ತಟ್ಟೆ ಮುಂದೆ ಸರಿಸಿದರು.